ಏಳು ಕೊರೊನಾಗಳು ಮತ್ತು ತಲಪಾಡಿಯ ಗೇಟು

ಜೂನ್ ಒಂದಕ್ಕೆ ಶಾಲೆ ಶುರು, ಜತೆಗೇ ಮಳೆ. ಅದರ ಬೆನ್ನಿಗೇ ಕಾಸರಗೋಡಿನ ಬಸ್‌ಸ್ಟ್ಯಾಂಡಿನಿಂದ ಪೆರ್ಲದ ಹೋಟೆಲಿನವರೆಗೆ ಒಂದೇ ಮಾತು ಓಡಾಡುತ್ತದೆ: "ಕೊರೊನಾ ಪುನಃ ಬಂತಂತೆ ಮಾರಾಯ್ರೆ." 2025ರಲ್ಲೂ ಹೀಗೇ ಆಯಿತು. ಎನ್‌ಬಿ.1.8.1, ಎಲ್‌ಎಫ್.7 ಅಂತ ಹೊಸ ತಳಿಗಳ ಬಾಯಿಗೆ ಬಾರದ ಹೆಸರುಗಳು ಟಿವಿಯಲ್ಲಿ ಬಂದವು. ದೇಶದಲ್ಲೇ ಜಾಸ್ತಿ ಕೇಸು ಕೇರಳದಲ್ಲಿ ಅಂದರು. ಕೆಲವರು ಕಪಾಟಿನಿಂದ ಹಳೇ ಮಾಸ್ಕ್ ಹುಡುಕಿದರು. ಕೆಲವರು "ಅದೆಲ್ಲ ಸುಮ್ನೆ, ಬರೀ ಶೀತ" ಅಂತ ನಕ್ಕರು.

ಹೆದರಿದವರೂ ನಕ್ಕವರೂ ನಂಬಿದ್ದು ಒಂದನ್ನೇ. ಕೊರೊನಾ ಅಂದರೆ ಒಂದೇ ರೋಗ, ಅದು 2020ರಲ್ಲಿ ಬಂತು, ಹೋಯಿತು, ಈಗ ಮತ್ತೆ ಬರುತ್ತಿದೆ ಅಂತ. ನಿಜ ಸಂಗತಿ ಬೇರೆ. ಅದು ಹೋಗಿಯೇ ಇರಲಿಲ್ಲ. ಅದರ ನಾಲ್ಕು ನೆಂಟರಂತೂ ನಮ್ಮ ಅಜ್ಜನ ಕಾಲದಿಂದಲೂ ನಮ್ಮ ಮೂಗು, ಗಂಟಲಲ್ಲಿ ಬಂದು ಹೋಗುತ್ತಲೇ ಇದ್ದಾರೆ.

ಇದು ನಮ್ಮ ಮನೆಯವರಿಗೆ ಗೊತ್ತಾದದ್ದು ಒಂದು ರಿಪೋರ್ಟಿನಿಂದ. ಬದಿಯಡ್ಕದಲ್ಲಿರುವ ನನ್ನ ಚಿಕ್ಕಮ್ಮನ ಮಗಳು ಎರಡು ವರ್ಷದ ಮಗುವಿನ ಕೆಮ್ಮು ನಿಲ್ಲದೆ ಮಂಗಳೂರಿಗೆ ಕರಕೊಂಡು ಹೋಗಿದ್ದಳು. ಅಲ್ಲಿ ಮೂಗಿನ ದ್ರವ ತೆಗೆದು ಒಂದು ದೊಡ್ಡ ಪರೀಕ್ಷೆ ಮಾಡಿಸಿದರು. ಒಂದೇ ಸಲಕ್ಕೆ ಇಪ್ಪತ್ತರಷ್ಟು ರೋಗಾಣುಗಳನ್ನು ಹುಡುಕುವ ಪರೀಕ್ಷೆ ಅದು, ಸಾವಿರಗಟ್ಟಲೆ ರೂಪಾಯಿ ಬೇಕು. ರಿಪೋರ್ಟ್ ಕೈಗೆ ಬಂದ ಕೂಡಲೇ ಫೋನು.

"ಅಣ್ಣ, ಇದರಲ್ಲಿ ಕೊರೊನಾ ಪಾಸಿಟಿವ್ ಅಂತ ಉಂಟು. ಅದೇ ಕಾಗದದಲ್ಲಿ ಕೋವಿಡ್ ನೆಗೆಟಿವ್ ಅಂತಲೂ ಉಂಟು. ಯಾವುದು ಸರಿ?"

ಎರಡೂ ಸರಿ. ಪಾಸಿಟಿವ್ ಬಂದ ಸಾಲಿನಲ್ಲಿ ಇದ್ದದ್ದು ಒಸಿ43. ಅದೂ ಕೊರೊನಾ ವೈರಸ್ಸೇ. ಮಗುವಿಗೆ ಆಗಿದ್ದದ್ದು ಶೀತ, ಅದರ ಬೆನ್ನಿಗೆ ಸ್ವಲ್ಪ ಉಬ್ಬಸ. ಔಷಧಿ ಅಂತ ಕೊಟ್ಟದ್ದು ಜ್ವರದ ಸಿರಪ್ಪು, ನೆಬುಲೈಸರಿನ ಹೊಗೆ, ಅಷ್ಟೇ. ಮಗು ಚೇತರಿಸಿಕೊಂಡಿತು. ಮನೆಯ ದೊಡ್ಡವರಿಗೆ ಮಾತ್ರ ಒಂದು ವಾರ ನಿದ್ರೆ ಇಲ್ಲ. ಅಕ್ಕಪಕ್ಕದವರಿಗೆ ಹೇಳುವುದೋ ಬೇಡವೋ ಅಂತ ಬೇರೆ ಚರ್ಚೆ.

ಮನುಷ್ಯರಿಗೆ ತಗಲುವ ಕೊರೊನಾ ವೈರಸ್ಸುಗಳು ಈಗ ಗೊತ್ತಿರುವಂತೆ ಏಳು. 229ಇ, ಒಸಿ43, ಎನ್‌ಎಲ್63, ಎಚ್‌ಕೆಯು1 ಎಂಬ ನಾಲ್ಕು ಮಾಮೂಲಿ ಶೀತದವು. ಸಾರ್ಸ್, ಮೆರ್ಸ್ ಮತ್ತು ಕೋವಿಡ್ ತರುವ ಮೂರು ಶ್ವಾಸಕೋಶಕ್ಕೇ ಕೈ ಹಾಕಬಲ್ಲವು. ಲೋಕದಲ್ಲಿ ಆಗುವ ಶೀತಗಳಲ್ಲಿ ಹತ್ತರಲ್ಲಿ ಒಂದಾದರೂ ಆ ನಾಲ್ಕರಿಂದ ಬರುತ್ತದೆ. ಕೆಲವು ವರ್ಷ, ಕೆಲವು ತಿಂಗಳುಗಳಲ್ಲಿ ಇನ್ನೂ ಜಾಸ್ತಿ. ಶೀತದ ಲೆಕ್ಕದಲ್ಲಿ ಮೊದಲ ಸ್ಥಾನ ರೈನೋ ವೈರಸ್ಸಿನದು, ಕೊರೊನಾಗಳು ಅದರ ಹಿಂದೆ.

ಪತ್ತೆಯಾದ ಕಥೆಯೂ ಸ್ವಾರಸ್ಯದ್ದು. ಇಂಗ್ಲೆಂಡಿನ ಸಾಲಿಸ್‌ಬರಿಯಲ್ಲಿ ಶೀತದ ಸಂಶೋಧನೆಗೆಂದೇ ಒಂದು ಕೇಂದ್ರ ಇತ್ತು. 1946ರಿಂದ ಸುಮಾರು ನಾಲ್ಕು ದಶಕ ನಡೆಯಿತು. ಜನ ತಾವಾಗಿ ಬಂದು ಹತ್ತು ದಿನ ಉಳಿಯುತ್ತಿದ್ದರು. ಊಟ, ವಸತಿ ಪುಕ್ಕಟೆ, ಮೂಗಿಗೆ ವೈರಸ್ಸಿನ ಹನಿ ಹಾಕಿಸಿಕೊಳ್ಳಬೇಕು, ಅಷ್ಟೇ ಕರಾರು. ರಜೆ ಕಳೆಯಲು ಅಲ್ಲಿಗೆ ಹೋಗುವವರೂ ಇದ್ದರಂತೆ! ಅಲ್ಲಿ ಡೇವಿಡ್ ಟಿರೆಲ್ ಎಂಬ ವೈದ್ಯರಿಗೆ 1960ರ ದಶಕದ ಮೊದಲಲ್ಲಿ ಒಂದು ಸ್ಯಾಂಪಲ್ ಸಿಕ್ಕಿತು. ಒಬ್ಬ ಹುಡುಗನ ಮೂಗಿನದು. ಅದರಿಂದ ಬೇರೆಯವರಿಗೂ ಶೀತ ಬರುತ್ತಿತ್ತು, ಆದರೆ ಆಗ ಗೊತ್ತಿದ್ದ ಯಾವ ವೈರಸ್ಸಿಗೂ ಅದು ತಾಳೆ ಆಗುತ್ತಿರಲಿಲ್ಲ. ಅಮೆರಿಕದ ಶಿಕಾಗೋದಲ್ಲಿ ಡೊರೊಥಿ ಹಾಮ್ರೆ ಎಂಬವರಿಗೂ ಅದೇ ಕಾಲದಲ್ಲಿ ವೈದ್ಯಕೀಯ ವಿದ್ಯಾರ್ಥಿಗಳ ಮೂಗಿನಿಂದ 229ಇ ಸಿಕ್ಕಿತು.

ಇವನ್ನು ಕಣ್ಣಾರೆ ಕಂಡು ತೋರಿಸಿದ್ದು ಜೂನ್ ಅಲ್ಮೇಡಾ. ಗ್ಲಾಸ್ಗೋದ ಒಬ್ಬ ಬಸ್ ಡ್ರೈವರನ ಮಗಳು. ಹದಿನಾರಕ್ಕೇ ಶಾಲೆ ಬಿಟ್ಟು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದವರು. ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಅವರಷ್ಟು ಪಳಗಿದವರು ಆಗ ಕಡಿಮೆ. ಸುತ್ತ ಮುಳ್ಳುಮುಳ್ಳಾಗಿ ಕಾಣುವ ಈ ಕಣಗಳ ಚಿತ್ರ ಅವರಿಗೆ ಮೊದಲೇ ಸಿಕ್ಕಿತ್ತು. ಇದು ಫ್ಲೂ ವೈರಸ್ಸಿನ ಕೆಟ್ಟ ಫೋಟೋ ಅಂತ ಪರಿಶೀಲಕರು ಪ್ರಬಂಧ ತಿರಸ್ಕರಿಸಿದ್ದರು. ಟಿರೆಲ್ ಕಳಿಸಿದ ಸ್ಯಾಂಪಲಿನಲ್ಲೂ ಅದೇ ರೂಪ ಕಂಡಾಗ ಮಾತು ಖಚಿತವಾಯಿತು. 1968ರಲ್ಲಿ ಈ ಗುಂಪಿಗೆ ಕೊರೊನಾ ಎಂಬ ಹೆಸರು ಬಿತ್ತು. ಕೋವಿಡ್ ಬರುವ ಅರ್ಧ ಶತಮಾನ ಮೊದಲು!

ಪ್ರಾಣಿಗಳಲ್ಲಿ ಇದು ಅದಕ್ಕೂ ಮೊದಲೇ ಗೊತ್ತಿತ್ತು. ನಮ್ಮ ಕಡೆ ಕೋಳಿ ಫಾರ್ಮ್ ಇಟ್ಟವರಿಗೆ ಐಬಿ ಎಂಬ ಕೋಳಿಗಳ ಉಸಿರಾಟದ ರೋಗದ ಲಸಿಕೆ ಅಂದರೆ ಗೊತ್ತು, ಮರಿಗಳಿಗೆ ಕಣ್ಣಿಗೋ ಮೂಗಿಗೋ ಹನಿ ಹಾಕುತ್ತಾರೆ, ಇಲ್ಲವೇ ನೀರಿನಲ್ಲಿ ಕೊಡುತ್ತಾರೆ. ಆ ರೋಗ ತರುವುದೂ ಒಂದು ಕೊರೊನಾ ವೈರಸ್ಸೇ. ಅಮೆರಿಕದಲ್ಲಿ 1930ರ ದಶಕದ ಮೊದಲಲ್ಲೇ ಪತ್ತೆಯಾದದ್ದು. ಅದು ಮನುಷ್ಯರಿಗೆ ಬರುವುದಿಲ್ಲ. ಕರುಗಳಿಗೆ ಬೇಧಿ ತರುವ ಇನ್ನೊಂದು ಕೊರೊನಾ ಇದೆ. ಅದು ನಮ್ಮ ಒಸಿ43ಕ್ಕೆ ತೀರಾ ಹತ್ತಿರದ ಸಂಬಂಧಿ. ಈ ಸಂಬಂಧದ ವಿಷಯ ಮುಂದೆ ಪುನಃ ಬರುತ್ತದೆ.

ಎನ್‌ಎಲ್63 ಸಿಕ್ಕಿದ್ದು 2004ರಲ್ಲಿ, ನೆದರ್‌ಲ್ಯಾಂಡಿನ ಏಳು ತಿಂಗಳ ಮಗುವಿನಲ್ಲಿ. ಎಚ್‌ಕೆಯು1 ಮರುವರ್ಷ, ಹಾಂಕಾಂಗಿನ 71 ವರ್ಷದ ಒಬ್ಬರಲ್ಲಿ, ನ್ಯುಮೋನಿಯಾ ಆಗಿ ಆಸ್ಪತ್ರೆ ಸೇರಿದವರು ಅವರು. ಇವು ಹೊಸದಾಗಿ ಹುಟ್ಟಿದವಲ್ಲ. ಸಾರ್ಸ್ ಬಂದುಹೋದ ಮೇಲೆ ಲೋಕ ಹುಡುಕಲು ಶುರು ಮಾಡಿತು, ಹುಡುಕಿದಾಗ ಸಿಕ್ಕವು. ಅಲ್ಲಿವರೆಗೆ ಶೀತದ ಕೊರೊನಾ ಅಂದರೆ ಯಾರಿಗೂ ಬೇಡದ ವಿಷಯ.

ಬೇಡ ಅನ್ನಿಸಲು ಕಾರಣವೂ ಇತ್ತು. ಹೆಚ್ಚಿನ ಮಕ್ಕಳಿಗೆ ಐದಾರು ವರ್ಷ ತುಂಬುವುದರೊಳಗೆ ಇವುಗಳ ಪರಿಚಯ ಆಗಿಹೋಗುತ್ತದೆ. ಮೂಗು ಸೋರುತ್ತದೆ, ಗಂಟಲು ಕೆರೆಯುತ್ತದೆ, ಎರಡು ದಿನ ಜ್ವರ, ಒಂದು ವಾರ ಕೆಮ್ಮು. ಮತ್ತೆ ದೊಡ್ಡವರಾದ ಮೇಲೂ ಆಗಾಗ ಬರುತ್ತವೆ. ಆಮ್‌ಸ್ಟರ್‌ಡಾಮಿನ ಸಂಶೋಧಕರು ಹತ್ತು ಮಂದಿ ಗಂಡಸರ ಹಳೇ ರಕ್ತದ ಸ್ಯಾಂಪಲುಗಳನ್ನು ದಶಕಗಳ ಉದ್ದಕ್ಕೆ ಪರೀಕ್ಷಿಸಿ 2020ರಲ್ಲಿ ಹೇಳಿದ್ದು ಇದನ್ನೇ: ಒಂದು ಸಲ ಬಂದ ಕೊರೊನಾ ಸುಮಾರು ಹನ್ನೆರಡು ತಿಂಗಳಾದ ಮೇಲೆ ಪುನಃ ತಗಲುವುದು ಮಾಮೂಲು. ಸಾಲಿಸ್‌ಬರಿಯ ಕೇಂದ್ರದಲ್ಲಿ ಇನ್ನೂ ಚಂದದ ಒಂದು ಪ್ರಯೋಗ ಆಗಿತ್ತು. 229ಇ ತಗಲಿದವರಿಗೆ ಒಂದು ವರ್ಷ ಬಿಟ್ಟು ಅದನ್ನೇ ಪುನಃ ಹಾಕಿದರು. ಹೆಚ್ಚಿನವರಿಗೆ ಸೋಂಕು ತಗಲಿತು. ಆದರೆ ಶೀತ ಯಾರಿಗೂ ಆಗಲಿಲ್ಲ.

"ಲಸಿಕೆ ತಗೊಂಡೂ ಬಂತಲ್ಲ" ಅನ್ನುವವರು ಈ ಪ್ರಯೋಗವನ್ನು ಒಂದು ಸಲ ಯೋಚಿಸಬೇಕು. ಮೈಯ ರಕ್ಷಣೆಗೆ ಎರಡು ಕೆಲಸ. ಒಂದು, ಸೋಂಕೇ ತಗಲದಂತೆ ನೋಡುವುದು. ಇನ್ನೊಂದು, ತಗಲಿದರೂ ರೋಗ ಬೆಳೆಯದಂತೆ ನೋಡುವುದು. ಕೊರೊನಾಗಳ ಮಟ್ಟಿಗೆ ಮೊದಲನೆಯದು ಕೆಲವೇ ತಿಂಗಳಿಗೆ ಸೋರಿಹೋಗುತ್ತದೆ. ಎರಡನೆಯದು ತುಂಬಾ ಸಮಯ ನಿಲ್ಲುತ್ತದೆ. ಪ್ರಾಣ ಉಳಿಸುವುದು ಆ ಎರಡನೆಯದೇ.

ಹಾಗಾದರೆ ಆ ನಾಲ್ಕು ನಿರಪಾಯವೇ? ಇಲ್ಲ. 2003ರ ಬೇಸಗೆಯಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾದ ಒಂದು ವೃದ್ಧಾಶ್ರಮದಲ್ಲಿ 142 ಮಂದಿಯಲ್ಲಿ 95 ಮಂದಿಗೆ ಕೆಮ್ಮು, ಶೀತ ಶುರುವಾಯಿತು. ಕೆಲವರಿಗೆ ನ್ಯುಮೋನಿಯಾ ಆಗಿ ತೀರಿಹೋದರು. ಸಾರ್ಸ್ ಭಯದ ಕಾಲ ಅದು. ರಕ್ತ ಪರೀಕ್ಷೆ ಮಾಡಿದರೆ ಸಾರ್ಸ್ ಅಂತಲೇ ತೋರಿಸುತ್ತಿತ್ತು. ಕೊನೆಗೆ ನೋಡಿದರೆ ಅದು ಒಸಿ43. ನಮ್ಮ ಬದಿಯಡ್ಕದ ಮಗುವಿಗೆ ಬಂದದ್ದೇ. ಮಗುವಿಗೆ ಒಂದು ವಾರದ ಕೆಮ್ಮಾದದ್ದು ಎಂಬತ್ತೈದರ ಅಜ್ಜನಿಗೆ ಕೊನೆಯ ಕಾಯಿಲೆ ಆಗಬಹುದು.

ಇದನ್ನೇ ತಿರುಗಿಸಿ ನೋಡಿದರೂ ಅಚ್ಚರಿ. ವೈರಸ್ಸು ನಮ್ಮ ಜೀವಕೋಶಕ್ಕೆ ನುಗ್ಗಲು ಯಾವುದಾದರೂ ಒಂದು ಬಾಗಿಲು ಬೇಕು. ಕೋವಿಡ್ ವೈರಸ್ಸಿನ ಬಾಗಿಲು ಎಸಿಇ2 ಎಂಬ ಪ್ರೋಟೀನು. ಸಾರ್ಸ್‌ದೂ ಅದೇ. ಶೀತದ ಎನ್‌ಎಲ್63ರದೂ ಅದೇ! ಬಾಗಿಲು ಒಂದೇ, ಒಳಗೆ ಹೋಗಿ ಮಾಡುವ ಹಾನಿ ಮಾತ್ರ ಬೇರೆ ಬೇರೆ. ಎನ್‌ಎಲ್63 ಮಕ್ಕಳಲ್ಲಿ ಗಂಟಲು ಬಾತು ನಾಯಿ ಬೊಗಳಿದ ಹಾಗಿನ ಕೆಮ್ಮು ತರುವುದುಂಟು, ಆದರೆ ಶ್ವಾಸಕೋಶದ ಆಳಕ್ಕೆ ಇಳಿಯುವುದು ಅಪರೂಪ. ಹಾಗಾಗಿ ರಿಪೋರ್ಟಿನಲ್ಲಿ ಬರೆದ ಹೆಸರಿಗಿಂತ ಯಾರ ಎದೆಗೆ ಅದು ಇಳಿಯಿತು ಅನ್ನುವುದೇ ಮುಖ್ಯ ಅಂತ ನನ್ನ ತೀರ್ಮಾನ.

ನಮ್ಮ ಗಡಿ ಊರುಗಳಲ್ಲಿ ಆ ಎದೆಗಳ ಸ್ಥಿತಿ ಏನು? ಮಂಜೇಶ್ವರ, ಪೈವಳಿಕೆ, ಬಾಯಾರಿನ ಕಡೆ ಬೀಡಿ ಕಟ್ಟಿಯೇ ಮನೆ ನಡೆಸಿದ ಹೆಂಗಸರು ಎಷ್ಟೋ ಮಂದಿ. ಮಡಿಲಿನಲ್ಲಿ ಮೊರ, ಅದರಲ್ಲಿ ಹೊಗೆಸೊಪ್ಪಿನ ಪುಡಿ, ಮೂಗಿಗೆ ಒಂದು ಗೇಣು ದೂರ. ಬೆಳಗ್ಗಿಂದ ಸಂಜೆವರೆಗೆ ಹಾಗೆ ಕೂತರೆ ಪುಡಿ ಎಲ್ಲಿಗೆ ಹೋಗಬೇಕು? ಸಿಗರೇಟು ಮುಟ್ಟದವರಿಗೂ ಆ ಧೂಳು ಒಳಗೆ ಹೋಗುತ್ತದೆ. ಸೌದೆ ಒಲೆಯ ಅಡುಗೆ ನಿಂತರೂ ಬಚ್ಚಲಿನ ಹಂಡೆಯ ಕೆಳಗೆ ಮಡಲು, ಸಿಪ್ಪೆ ಉರಿಯುವುದು ನಿಂತಿಲ್ಲ. ಮಳೆಗಾಲದಲ್ಲಿ ಒದ್ದೆ ಸೌದೆಯ ಹೊಗೆ ಬೇರೆ. ಇಂಥ ಮನೆಯ ಅಜ್ಜಿಗೆ ದಮ್ಮು ಮೊದಲೇ ಇರುತ್ತದೆ. ಅದನ್ನು ಕೆರಳಿಸಲು ಕೋವಿಡ್ಡೇ ಬೇಕಾಗಿಲ್ಲ. ರೈನೋ ಸಾಕು, 229ಇ ಸಾಕು, ಶಾಲೆಯಿಂದ ಮೊಮ್ಮಗ ತಂದ ಯಾವುದೋ ಹೆಸರಿಲ್ಲದ ಶೀತ ಸಾಕು.

ಚಳಿ ದೇಶಗಳಲ್ಲಿ ಈ ನಾಲ್ಕು ಕೊರೊನಾಗಳಿಗೆ ಚಳಿಗಾಲವೇ ಸುಗ್ಗಿ. ನಮ್ಮಲ್ಲಿ ಅಷ್ಟು ಕರಾರುವಾಕ್ಕಾದ ಕಾಲ ಇಲ್ಲ. ಶಾಲೆ ಮತ್ತು ಮಳೆ ಒಟ್ಟಿಗೆ ಬರುವ ಜೂನ್, ಜುಲೈಯಲ್ಲಿ ಎಲ್ಲ ಬಗೆಯ ಶೀತಗಳಿಗೂ ಅನುಕೂಲ. ಬೆಳಗ್ಗಿನ ಬಸ್ಸಿನಲ್ಲಿ ಎಲ್ಲ ಶಟರ್ ಎಳೆದಿರುತ್ತದೆ. ಒಳಗೆ ಒದ್ದೆ ಕೊಡೆ, ಮಕ್ಕಳ ಬ್ಯಾಗು, ಎಪ್ಪತ್ತು ಜನರ ಉಸಿರು. ಮಳೆ ನಿಂತ ಹತ್ತು ನಿಮಿಷವಾದರೂ ಯಾರಾದರೂ ಒಂದು ಶಟರ್ ಎತ್ತಿದರೆ ಅರ್ಧ ಉಪಕಾರ.

ಈಗ ಶ್ವಾಸಕೋಶಕ್ಕೇ ಕೈ ಹಾಕುವ ಆ ಮೂರರ ವಿಷಯ.

ಸಾರ್ಸ್ 2002ರ ನವೆಂಬರಿನಲ್ಲಿ ಚೀನಾದ ಗುವಾಂಗ್‌ಡಾಂಗಿನಲ್ಲಿ ಶುರುವಾಯಿತು. 2003ರ ಫೆಬ್ರವರಿಯಲ್ಲಿ ಹಾಂಕಾಂಗಿನ ಒಂದು ಹೋಟೆಲಿನಲ್ಲಿ ಒಂದು ರಾತ್ರಿ ತಂಗಿದ ಒಬ್ಬ ರೋಗಿಯಿಂದ ವಿಯೆಟ್ನಾಂ, ಸಿಂಗಾಪುರ, ಕೆನಡಾಕ್ಕೆ ಹಾರಿತು. ಹನೋಯಿಯಲ್ಲಿ ಇದು ಹೊಸ ರೋಗ ಅಂತ ಮೊದಲು ಎಚ್ಚರಿಸಿದ ವಿಶ್ವ ಆರೋಗ್ಯ ಸಂಸ್ಥೆಯ ವೈದ್ಯ ಕಾರ್ಲೋ ಉರ್ಬಾನಿ ತಾವೇ ಅದರಿಂದ ತೀರಿಕೊಂಡರು. ಒಟ್ಟು 8,096 ಮಂದಿಗೆ ಬಂತು, 774 ಮಂದಿ ಸತ್ತರು. ನೂರರಲ್ಲಿ ಒಂಬತ್ತು ಹತ್ತು ಮಂದಿ ಸಾಯುವ ರೋಗ. ಆದರೂ 2003ರ ಜುಲೈಗೆ ಅದನ್ನು ಸಂಪೂರ್ಣ ನಿಲ್ಲಿಸಿದರು. ಲಸಿಕೆ ಇಲ್ಲದೆ, ಔಷಧಿ ಇಲ್ಲದೆ.

ಅದಕ್ಕಿಂತ ಎಷ್ಟೋ ಕಡಿಮೆ ಪ್ರಮಾಣದಲ್ಲಿ ಕೊಲ್ಲುವ ಕೋವಿಡ್ಡನ್ನು ಯಾಕೆ ನಿಲ್ಲಿಸಲು ಆಗಲಿಲ್ಲ? ಸರಕಾರಗಳು ಸೋಮಾರಿಯಾದವು, ಜನ ಮಾತು ಕೇಳಲಿಲ್ಲ ಅಂತ ಬೈಯುವುದು ಸುಲಭ. ಮುಖ್ಯ ಕಾರಣ ವೈರಸ್ಸಿನ ನಡತೆಯಲ್ಲೇ ಇದೆ. ಸಾರ್ಸ್ ರೋಗಿ ಬೇರೆಯವರಿಗೆ ಹೆಚ್ಚು ಅಂಟಿಸುವುದು ಹಾಸಿಗೆ ಹಿಡಿದ ಮೇಲೆ, ಎರಡನೇ ವಾರದ ಹೊತ್ತಿಗೆ. ಆಗ ಅವನು ಆಸ್ಪತ್ರೆಯಲ್ಲಿ ಇರುತ್ತಾನೆ. ಜ್ವರ ಇದ್ದವರನ್ನು ಹುಡುಕಿ ಬೇರೆ ಇಟ್ಟರೆ ಸರಪಳಿ ಕಡಿಯುತ್ತದೆ. ಕೋವಿಡ್ ರೋಗಿ ಅಂಟಿಸುವುದು ಜ್ವರ ಶುರುವಾಗುವ ಒಂದೆರಡು ದಿನ ಮೊದಲಿನಿಂದಲೇ. ಆಗ ಅವನು ಮದುವೆ ಊಟದಲ್ಲಿ ಬಡಿಸುತ್ತಿರಬಹುದು, ಮಂಗಳೂರಿನ ಬಸ್ಸಿನಲ್ಲಿ ಇರಬಹುದು. ಅವನಿಗೇ ಗೊತ್ತಿರುವುದಿಲ್ಲ.

ಈ ಒಂದು ವ್ಯತ್ಯಾಸ ತಿಳಿದರೆ ಕೇರಳ-ಕರ್ನಾಟಕ ಗಡಿಯ ತಲಪಾಡಿ ಗೇಟಿನಲ್ಲಿ ನಡೆದದ್ದೆಲ್ಲ ಬೇರೆ ಬೆಳಕಿನಲ್ಲಿ ಕಾಣುತ್ತದೆ. ಹಣೆಗೆ ಪಿಸ್ತೂಲಿನಂತೆ ಹಿಡಿಯುತ್ತಿದ್ದ ಆ ಬಿಳಿ ಯಂತ್ರ ನೆನಪಿದೆಯಲ್ಲ? ಅದು ಸಾರ್ಸಿಗೆ ಸರಿಯಾದ ಉಪಕರಣ. ಜ್ವರ ಇದ್ದವರನ್ನು ಹಿಡಿಯುತ್ತದೆ. ಕೋವಿಡ್ಡಿನಲ್ಲಿ ನಾಳೆ ಜ್ವರ ಬರುವವನು ಇವತ್ತು 97 ಡಿಗ್ರಿ ತೋರಿಸಿ ನಗುತ್ತಾ ದಾಟುತ್ತಾನೆ. ಜ್ವರ ಇದ್ದವನೂ ಹೊಸಂಗಡಿಯಲ್ಲಿ ಒಂದು ಮಾತ್ರೆ ನುಂಗಿ ಬಂದರೆ ಯಂತ್ರಕ್ಕೆ ಏನೂ ತಿಳಿಯದು. ಹಳೇ ಯುದ್ಧದ ಆಯುಧ ಹಿಡಿದು ಹೊಸ ಯುದ್ಧಕ್ಕೆ ನಿಂತದ್ದು ಅದು.

2021ರಲ್ಲಿ 72 ಗಂಟೆಯೊಳಗಿನ ಆರ್‌ಟಿ-ಪಿಸಿಆರ್ ನೆಗೆಟಿವ್ ರಿಪೋರ್ಟ್ ಕೇಳಿದರು. ಕಾಗದ ಇಲ್ಲದೆ ಮಂಗಳೂರಿನ ಕಾಲೇಜಿಗೂ ಕೆಲಸಕ್ಕೂ ಹೋಗುವಂತಿಲ್ಲ. ಈ ಪರೀಕ್ಷೆ ಒಳ್ಳೆಯದೇ, ವೈರಸ್ಸಿನ ಅಂಶವನ್ನು ಚೆನ್ನಾಗಿ ಹಿಡಿಯುತ್ತದೆ. ಆದರೆ ಅದು ಹೇಳುವುದು ಸ್ಯಾಂಪಲ್ ತೆಗೆದ ಗಳಿಗೆಯ ಸಂಗತಿ. ಮರುದಿನ ತಗಲಿದರೂ ಕಾಗದ ನೆಗೆಟಿವ್ವೇ. ಇತ್ತ ಗುಣವಾಗಿ ಮೂರು ವಾರ ಆದವನ ಮೂಗಿನಲ್ಲಿ ಸತ್ತ ವೈರಸ್ಸಿನ ಚೂರು ಸಿಕ್ಕಿ ಪಾಸಿಟಿವ್ ಬರುವುದೂ ಉಂಟು. ದಿನಾ ಗಡಿ ದಾಟುವವರಿಗೆ ಈ ನಿಯಮ ಕೊಟ್ಟ ಕಷ್ಟದ ಮುಂದೆ ಅದು ತಡೆದ ಸೋಂಕು ಎಷ್ಟು ಅನ್ನುವ ಲೆಕ್ಕವನ್ನು ಯಾರೂ ನಮ್ಮ ಮುಂದೆ ಇಡಲಿಲ್ಲ.

ಹಾಗಂತ ಆಗಿನ ಹೆದರಿಕೆ ಸುಳ್ಳೇನಲ್ಲ. ದೇಶದ ಮೊದಲ ಮೂರು ಕೋವಿಡ್ ರೋಗಿಗಳೂ ವುಹಾನಿನಿಂದ ಬಂದ ಕೇರಳದ ವಿದ್ಯಾರ್ಥಿಗಳು. 2020ರ ಜನವರಿ 30ಕ್ಕೆ ತ್ರಿಶೂರಿನಲ್ಲಿ ಮೊದಲನೆಯದು, ಆಮೇಲೆ ಆಲಪ್ಪುಳ, ಫೆಬ್ರವರಿ 3ಕ್ಕೆ ಮೂರನೆಯದು ನಮ್ಮ ಕಾಸರಗೋಡು ಜಿಲ್ಲೆಯಲ್ಲಿ. ಆ ಮೂವರೂ ಗುಣವಾದರು. ಮಾರ್ಚಿನಲ್ಲಿ ಗಲ್ಫಿನಿಂದ ಬಂದವರ ಮೂಲಕ ಪುನಃ ಹಬ್ಬಿತು, ಜಿಲ್ಲೆಯ ಹೆಸರು ದೇಶದ ಎಲ್ಲ ಟಿವಿಗಳಲ್ಲಿ ಬಂತು. ಕರ್ನಾಟಕ ಗಡಿ ಮುಚ್ಚಿತು. ಒಳದಾರಿಗಳಿಗೆ ಟಿಪ್ಪರಿನಲ್ಲಿ ಮಣ್ಣು ತಂದು ಸುರಿದರು.

ಮುಚ್ಚಿದ್ದು ಕೋವಿಡ್ ರೋಗಿಗಳಿಗೆ ಮಾತ್ರ ಅಲ್ಲವಲ್ಲ. ಮಂಜೇಶ್ವರದವರಿಗೆ ಕಾಸರಗೋಡಿಗಿಂತ ಮಂಗಳೂರೇ ಹತ್ತಿರ. ಹೃದಯ, ಕಿಡ್ನಿ, ಉಸಿರಾಟದ ತೊಂದರೆ, ಎಲ್ಲದಕ್ಕೂ ಹೋಗುತ್ತಿದ್ದದ್ದು ಅಲ್ಲಿಗೇ. ಕೇರಳದೊಳಗಿನ ಪರಿಯಾರಂ ಮೆಡಿಕಲ್ ಕಾಲೇಜಿಗೆ ಮಂಜೇಶ್ವರದಿಂದ ಹತ್ತಿರ ಹತ್ತಿರ ನೂರು ಕಿಲೋಮೀಟರ್. ಆಂಬುಲೆನ್ಸನ್ನು ಗಡಿಯಲ್ಲಿ ತಡೆದು, ಚಿಕಿತ್ಸೆ ಸಿಗದೆ ಹಲವರು ತೀರಿಹೋದರು. ಏಪ್ರಿಲ್ 1ಕ್ಕೆ ಕೇರಳ ಹೈಕೋರ್ಟು ರೋಗಿಗಳನ್ನು ಬಿಡಬೇಕು ಅಂತ ಆದೇಶಿಸಿತು. ವಿಷಯ ಸುಪ್ರೀಂ ಕೋರ್ಟಿಗೂ ಹೋಗಿ, ಕೊನೆಗೆ ಕೋವಿಡ್ ಇಲ್ಲದ ರೋಗಿಗಳನ್ನು ಸರ್ಟಿಫಿಕೇಟು ನೋಡಿ ಬಿಡುವ ಏರ್ಪಾಡಾಯಿತು.

ಅದೇ ಏಪ್ರಿಲಿನಲ್ಲಿ ಬದಿಯಡ್ಕ-ಪೆರ್ಲ ದಾರಿಯ ಉಕ್ಕಿನಡ್ಕದಲ್ಲಿ, ವರ್ಷಗಟ್ಟಲೆ ಕುಂಟುತ್ತಿದ್ದ ಮೆಡಿಕಲ್ ಕಾಲೇಜಿನ ಕಟ್ಟಡ ಕೋವಿಡ್ ಆಸ್ಪತ್ರೆಯಾಯಿತು. ತಿರುವನಂತಪುರದಿಂದ ವೈದ್ಯರ ತಂಡ ಬಂತು. ಸೆಪ್ಟೆಂಬರಿನಲ್ಲಿ ಚಟ್ಟಂಚಾಲ್ ಹತ್ತಿರದ ತೆಕ್ಕಿಲಿನಲ್ಲಿ ಟಾಟಾದವರು ಕಂಟೇನರುಗಳಿಂದ ಕಟ್ಟಿದ ಆಸ್ಪತ್ರೆ ಸರಕಾರದ ಕೈಸೇರಿತು. ಎಂಡೋಸಲ್ಫಾನ್ ಕೀಟನಾಶಕದ ಸಂತ್ರಸ್ತರು ಎಷ್ಟು ಕೂಗಿದರೂ ಬಾರದ ಹಾಸಿಗೆಗಳು ಒಂದು ವೈರಸ್ಸು ಬಂದಾಗ ತಿಂಗಳುಗಳಲ್ಲೇ ಬಂದವು. ಇದನ್ನು ಸಂತೋಷದಿಂದ ಹೇಳಬೇಕೋ ಬೇಸರದಿಂದ ಹೇಳಬೇಕೋ ತಿಳಿಯದು.

ಕೋವಿಡ್ ಈಗ ಐದನೇ ಶೀತ ಆಯಿತೇ ಅಂತ ತುಂಬಾ ಜನ ಕೇಳುತ್ತಾರೆ. ಇಲ್ಲಿ ಆ ಕರುಗಳ ಕೊರೊನಾದ ನೆಂಟಸ್ತಿಕೆ ನೋಡಬೇಕು. ಬೆಲ್ಜಿಯಂನ ಸಂಶೋಧಕರು ಒಸಿ43 ಮತ್ತು ದನದ ಕೊರೊನಾಗಳ ಜೀನುಗಳನ್ನು ಹೋಲಿಸಿ 2005ರಲ್ಲಿ ಒಂದು ಲೆಕ್ಕ ಹಾಕಿದರು. ಇವೆರಡೂ ಬೇರೆಯಾದದ್ದು ಸುಮಾರು 1890ರ ಹೊತ್ತಿಗೆ. ಆಗಲೇ 1889ರಲ್ಲಿ ರಷ್ಯನ್ ಫ್ಲೂ ಎಂದು ಕರೆದ ಒಂದು ಮಹಾಮಾರಿ ಲೋಕ ಸುತ್ತಿತ್ತು. ವಯಸ್ಸಾದವರನ್ನು ಹೆಚ್ಚು ಕೊಂದಿತ್ತು. ಅದು ಫ್ಲೂ ಅಲ್ಲ, ದನದಿಂದ ಮನುಷ್ಯನಿಗೆ ಹಾರಿದ ಒಸಿ43ರ ಮೊದಲ ಅಲೆ ಇರಬಹುದು ಅನ್ನುವುದು ಒಂದು ಊಹೆ. ಸಾಬೀತಾಗಿಲ್ಲ, ಆದರೆ ತಳ್ಳಿಹಾಕುವಂಥದ್ದೂ ಅಲ್ಲ. ನಿಜವಾದರೆ, ಒಂದು ಕಾಲದ ಮಾರಿ ಇವತ್ತು ಅಂಗನವಾಡಿ ಮಕ್ಕಳ ಸಿಂಬಳ.

ಕೋವಿಡ್ ಆ ದಾರಿಯಲ್ಲಿ ಇದೆ, ಊರು ಮುಟ್ಟಿಲ್ಲ ಅಂತ ನನ್ನ ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ 5ಕ್ಕೆ ತುರ್ತುಸ್ಥಿತಿ ಮುಗಿಯಿತು ಅಂದಿತು, ರೋಗ ಮುಗಿಯಿತು ಅನ್ನಲಿಲ್ಲ. ಅದೇ ಡಿಸೆಂಬರಿಗೆ ಕೇರಳದಲ್ಲಿ ಜೆಎನ್.1 ಎಂಬ ಅದರ ಹೊಸ ತಳಿ ಪತ್ತೆಯಾಯಿತು. ಚಳಿ ದೇಶಗಳಲ್ಲೂ ಶೀತದ ನಾಲ್ಕರಂತೆ ಇದು ಒಂದು ಕಾಲಕ್ಕೆ ಒಗ್ಗಿಕೊಂಡಿಲ್ಲ, ವರ್ಷದಲ್ಲಿ ಎರಡು ಸಲವೂ ಏಳುತ್ತದೆ. ಗುಣವಾದ ಮೇಲೂ ತಿಂಗಳುಗಟ್ಟಲೆ ಸುಸ್ತು, ಏದುಸಿರು ಉಳಿಯುವ ಉದಾಹರಣೆಗಳು ಇದರಲ್ಲಿ ಜಾಸ್ತಿ. ಅರುವತ್ತು ದಾಟಿದವರಿಗೆ, ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ ಇದ್ದವರಿಗೆ ಇದು ಇನ್ನೂ ಬರೀ ಶೀತ ಅಲ್ಲ. ಕೇರಳದಲ್ಲಿ ಕೇಸು ಜಾಸ್ತಿ ಕಾಣುವುದಕ್ಕೆ ಇಲ್ಲಿ ಪರೀಕ್ಷೆ ಜಾಸ್ತಿ ಮಾಡುವುದೂ ಒಂದು ಕಾರಣ. ಪರೀಕ್ಷೆ ಮಾಡದ ಊರಲ್ಲಿ ಅದಕ್ಕೆ ವೈರಲ್ ಜ್ವರ ಅಂತ ಹೆಸರು, ಅಷ್ಟೇ ವ್ಯತ್ಯಾಸ.

ಹಾಗಾಗಿ ಮನೆಯಲ್ಲಿ ಕೆಮ್ಮು ಬಂದಾಗ ಇದು ಯಾವ ವೈರಸ್ ಅಂತ ತಲೆ ಕೆಡಿಸಿಕೊಳ್ಳುವುದಕ್ಕಿಂತ ಉಸಿರು ನೋಡುವುದು ಮೇಲು. ಮಗುವಿನದ್ದಾದರೆ ಅಳು ನಿಂತು ಸಮಾಧಾನ ಆದ ಮೇಲೆ ಅಂಗಿ ಎತ್ತಿ, ಹೊಟ್ಟೆ ಏರಿಳಿಯುವುದನ್ನು ಗಡಿಯಾರ ಹಿಡಿದು ಪೂರ್ತಿ ಒಂದು ನಿಮಿಷ ಎಣಿಸಬೇಕು. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ಲೆಕ್ಕ ತಪ್ಪುತ್ತದೆ. ಎರಡು ತಿಂಗಳ ಒಳಗಿನ ಮಗುವಿಗೆ 60, ಒಂದು ವರ್ಷದೊಳಗೆ 50, ಐದು ವರ್ಷದೊಳಗೆ 40. ಇಷ್ಟು ಮುಟ್ಟಿದರೆ ಅಥವಾ ಉಸಿರೆಳೆಯುವಾಗ ಪಕ್ಕೆಲುಬಿನ ಕೆಳಗೆ ಗುಂಡಿ ಬಿದ್ದರೆ ಕಷಾಯ ಕಾಯಿಸುತ್ತಾ ಕೂರುವ ಹೊತ್ತಲ್ಲ. ದೊಡ್ಡವರಿಗೆ ನಿಮಿಷಕ್ಕೆ 24ಕ್ಕಿಂತ ಜಾಸ್ತಿ ಆದರೆ, ಅಥವಾ ಆಕ್ಸಿಮೀಟರು 94ಕ್ಕಿಂತ ಕೆಳಗೆ ತೋರಿಸಿದರೆ, ಆಸ್ಪತ್ರೆ. 2021ರಲ್ಲಿ ತಂದ ಆಕ್ಸಿಮೀಟರು ಎಲ್ಲರ ಮನೆಯ ಡ್ರಾಯರಿನಲ್ಲಿ ಇದೆಯಲ್ವಾ, ಮೊದಲು ಅದರ ಸೆಲ್ ಬದಲಿಸಿ. ಬೆರಳು ತಣ್ಣಗಿದ್ದರೆ, ಉಗುರಿಗೆ ಬಣ್ಣ ಇದ್ದರೆ ಅದು ತಪ್ಪು ಹೇಳುತ್ತದೆ. ನಮ್ಮಂಥ ಕಪ್ಪು ಮೈಯವರಿಗೆ ನಿಜಕ್ಕಿಂತ ಸ್ವಲ್ಪ ಜಾಸ್ತಿ ತೋರಿಸುವುದೂ ಇದೆ. 95 ಇದೆ ಅಂತ ಸಂಖ್ಯೆ ನೋಡಿ ಕೂರಬೇಡಿ, ಅಜ್ಜ ಒಂದು ವಾಕ್ಯ ಪೂರ್ತಿ ಹೇಳಲು ಎರಡು ಸಲ ನಿಲ್ಲುತ್ತಾರಾ ಅಂತಲೂ ನೋಡಿ.

ಆಂಟಿಬಯಾಟಿಕ್ ಈ ಏಳರಲ್ಲಿ ಒಂದಕ್ಕೂ ಕೆಲಸ ಮಾಡುವುದಿಲ್ಲ. ವೈರಸ್ಸಿನ ಬೆನ್ನಿಗೆ ಬ್ಯಾಕ್ಟೀರಿಯಾ ಸೇರಿ ನ್ಯುಮೋನಿಯಾ ಆದರೆ ಬೇಕಾಗುತ್ತದೆ, ಅದನ್ನು ಡಾಕ್ಟರ್ ಹೇಳಬೇಕು. ಇನ್ನೊಂದು ವಿಷಯ ಸ್ಟಿರಾಯ್ಡಿನದು. ಆಕ್ಸಿಜನ್ ಬೇಕಾದ ಕೋವಿಡ್ ರೋಗಿಗಳ ಸಾವನ್ನು ಡೆಕ್ಸಾಮೆಥಾಸೋನ್ ಎಂಬ ಸ್ಟಿರಾಯ್ಡ್ ಕಡಿಮೆ ಮಾಡುತ್ತದೆ ಅಂತ 2020ರ ಜೂನಿನಲ್ಲಿ ಬ್ರಿಟನ್ನಿನ 'ರಿಕವರಿ' ಎಂಬ ಪ್ರಯೋಗ ತೋರಿಸಿತು. ಆಕ್ಸಿಜನ್ ಬೇಡದವರಿಗೆ ಅದರಿಂದ ಉಪಕಾರ ಇಲ್ಲ ಅಂತಲೂ ಅದೇ ಪ್ರಯೋಗ ಹೇಳಿತು. ನಮ್ಮ ಜನ ಮೊದಲ ವಾಕ್ಯ ಮಾತ್ರ ಕೇಳಿಸಿಕೊಂಡರು. ಈಗಲೂ ಕೆಮ್ಮಿಗೆ ಅಂತ ಹಳೇ ಚೀಟಿ ತೋರಿಸಿ ಆ ಮಾತ್ರೆ ಕೇಳುವವರಿದ್ದಾರೆ. ಅಂಗಡಿಯವನು ಕೊಟ್ಟರೂ ತೆಗೆದುಕೊಳ್ಳಬೇಡಿ.

ಮಳೆಗಾಲದ ಜ್ವರವನ್ನೆಲ್ಲ ಕೊರೊನಾದ ಲೆಕ್ಕಕ್ಕೆ ಬರೆಯುವುದರಲ್ಲೂ ಅಪಾಯ ಇದೆ. ಮೂಗು ಸೋರದೆ, ಕೆಮ್ಮಿಲ್ಲದೆ ಬರೀ ಜೋರು ಜ್ವರ, ಮೈಕೈ ನೋವು, ಕಣ್ಣು ಕೆಂಪು ಇದ್ದು, ತೋಟದಲ್ಲೋ ಗದ್ದೆಯಲ್ಲೋ ಕೆಸರಿಗೆ ಕಾಲಿಟ್ಟವರಾದರೆ ಇಲಿಜ್ವರ ಇರಬಹುದು, ಡೆಂಗಿ ಇರಬಹುದು. ಇಲಿಜ್ವರಕ್ಕೆ ಬೇಗ ಕೊಟ್ಟರೆ ಆಂಟಿಬಯಾಟಿಕ್ ಜೀವ ಉಳಿಸುತ್ತದೆ. "ವೈರಲ್, ತನ್ನಷ್ಟಕ್ಕೆ ಹೋಗುತ್ತದೆ" ಅಂತ ಐದು ದಿನ ಕಾದರೆ ಕಿಡ್ನಿಗೆ ಇಳಿಯುತ್ತದೆ. ಎಚ್1ಎನ್1 ಫ್ಲೂಗೂ ಔಷಧಿ ಇದೆ, ಮೊದಲ ಎರಡು ದಿನದಲ್ಲಿ ಶುರು ಮಾಡಿದರೆ ಹೆಚ್ಚು ಪ್ರಯೋಜನ. ಕೋವಿಡ್ ಒಂದರ ಪರೀಕ್ಷೆ ನೆಗೆಟಿವ್ ಬಂತು ಅಂತ ಮನೆಗೆ ಬಂದು ಮಲಗಿದರೆ ಈ ಎರಡು ದಿನ ಹೋಗಿಬಿಡುತ್ತದೆ.

ಕೊನೆಗೆ ಮೆರ್ಸ್. ಇದನ್ನು ಮಾತಾಡುವವರೇ ಕಡಿಮೆ, ಆದರೆ ಕಾಸರಗೋಡಿನವರು ಮಾತಾಡಬೇಕು. ಉಪ್ಪಳ, ಕುಂಬಳೆಯ ಕಡೆ ಗಲ್ಫಿನಲ್ಲಿ ಒಬ್ಬರಾದರೂ ಇಲ್ಲದ ಮನೆ ಹುಡುಕಬೇಕು. ಮೆರ್ಸ್ ಪತ್ತೆಯಾದದ್ದು 2012ರಲ್ಲಿ, ಸೌದಿಯ ಜೆದ್ದಾದಲ್ಲಿ. ಇದುವರೆಗೆ ಸುಮಾರು 2,600 ಮಂದಿಗೆ ಬಂದ ದಾಖಲೆ ಇದೆ, ಹೆಚ್ಚಿನವರು ಸೌದಿಯಲ್ಲೇ. ಪತ್ತೆಯಾದವರಲ್ಲಿ ಮೂರರಲ್ಲಿ ಒಬ್ಬರಿಗಿಂತ ಜಾಸ್ತಿ ಸತ್ತಿದ್ದಾರೆ. ಒಂಟೆಗಳಿಂದ ಮನುಷ್ಯರಿಗೆ ಬರುತ್ತದೆ. ಮನುಷ್ಯರಿಂದ ಮನುಷ್ಯರಿಗೆ ಸುಲಭಕ್ಕೆ ಹರಡುವುದಿಲ್ಲ, ಆಸ್ಪತ್ರೆಯೊಳಗೆ ಬಿಟ್ಟು. 2015ರಲ್ಲಿ ಗಲ್ಫ್ ಕಡೆಯಿಂದ ದಕ್ಷಿಣ ಕೊರಿಯಾಕ್ಕೆ ಮರಳಿದ ಒಬ್ಬ ವ್ಯಕ್ತಿ ಒಂದಾದ ಮೇಲೆ ಒಂದು ಆಸ್ಪತ್ರೆಗೆ ಹೋದ. ಎಲ್ಲಿಂದ ಬಂದ ಅನ್ನುವುದು ಡಾಕ್ಟರುಗಳಿಗೆ ಸಮಯಕ್ಕೆ ಗೊತ್ತಾಗಲಿಲ್ಲ. ಅವನೂ ಸೇರಿ 186 ಮಂದಿಗೆ ತಗಲಿತು, 38 ಮಂದಿ ಸತ್ತರು.

ಗಲ್ಫಿನಲ್ಲಿ ಇರುವವರು, ಉಮ್ರಾಕ್ಕೆ ಹೋಗುವವರು ಒಂಟೆಯ ಹಸಿ ಹಾಲು ಕುಡಿಯದಿದ್ದರೆ, ಒಂಟೆ ಸಂತೆಗೆ ಹೋಗಿ ಮುಟ್ಟದಿದ್ದರೆ ಅಪಾಯ ಕಡಿಮೆ. ಊರಿಗೆ ಬಂದ 14 ದಿನದೊಳಗೆ ಜ್ವರ, ಕೆಮ್ಮಿನ ಜತೆ ಏದುಸಿರು ಶುರುವಾದರೆ, ಓಪಿಯಲ್ಲಿ ಚೀಟಿ ಮಾಡಿಸುವಾಗಲೇ ಮಾಸ್ಕ್ ಹಾಕಿಕೊಂಡು "ನಾನು ಗಲ್ಫಿನಿಂದ ಇಂಥ ದಿನ ಬಂದವನು" ಅಂತ ಹೇಳಿ. ಡಾಕ್ಟರ್ ಕೇಳದಿದ್ದರೂ ಹೇಳಿ. ಅಲ್ಲಿಂದ ಮಂಗಳೂರಿಗೆ ಕಳಿಸಿದರೆ ತಲಪಾಡಿ ದಾಟಿದ ಮೇಲೆ ಅಲ್ಲಿಯೂ ಹೇಳಿ, ಯಾಕೆಂದರೆ ಇಲ್ಲಿ ಹೇಳಿದ್ದು ಅಲ್ಲಿಯ ಡಾಕ್ಟರಿಗೆ ತಾನಾಗಿ ಮುಟ್ಟುವ ಏರ್ಪಾಡು ಇದೆ ಅಂತ ನಂಬಿ ಕೂರುವಂತಿಲ್ಲ.